ಬೇವಿನಡಿಯ ಖಾಲಿ ಜಾಗ

ಇದು ಸತ್ತಿ ಊರಿನ ಮುರಗೆಪ್ಪನ ಟ್ರಾಲಿಯ ಚಾಸಿಯೋ, ದಿಗ್ಗೇವಾಡಿಯವರದೋ, ಕುಂಕುಮ ಎಲ್ಲದರ ಮೇಲೂ ಒಂದೇ ಥರ ಒಣಗಿದೆ, ಕೊಬ್ಬರಿ ಚೂರಿಗೆ ಇರುವೆ ಮುತ್ತಿವೆ, ಗಾಲಿಯಿಲ್ಲದ ಚಾಸಿಗಳ ನಡುವೆ ಹುಲ್ಲು ಎದ್ದಿದೆ — ನಂದ ಯಾವುದು ತೋರ್ಸಪಾ ತಮ್ಮಾ ಅನ್ನುತ್ತಾನೆ ಮುರಗೆಪ್ಪ, ಕೈ ಎತ್ತುತ್ತೇನೆ, ಯಾವ ಕಡೆಗೆಂದು ಕೈಗೇ ಗೊತ್ತಿಲ್ಲ. ಕಬ್ಬಿನ ಹಂಗಾಮು ಶುರುವಾಗಿದೆ, ಅವನ ಟ್ರಾಲಿ ಇನ್ನೂ ಬರಿ ಎಲುಬು. ಎಲ್ಲ ಕಾಕಾನ ಕೆಲಸ, ಈ ಟ್ರಾಲಿ ಕಟ್ಟುವ ಕಾರ್ಖಾನೆ ಅವನದು, ಬೈಗುಳ ನನ್ನದು. ಆರ್ಡರ್ ಬಂದ ದಿನವೇ ಎರಡು ಕಬ್ಬಿಣದ ಚಾನೆಲ್ ಕೂಡಿಸಿ ಕಾಯಿ ಒಡೆಸಿಬಿಡುತ್ತಾನೆ, ಕಾಯಿ ಒಡದ ಮ್ಯಾಲ ಗಿರಾಕಿ ಎಲ್ಲಿ ಹೋಗ್ತಾನಲೇ ಭರತಾ ಎಂದು ನಗುತ್ತಾನೆ, ಹೌದು, ಪೂಜೆಯಾದದ್ದನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಶುರುವಾದದ್ದು ಅಂಗಳದ ತುಂಬ, ಮುಗಿದದ್ದು ಒಂದೂ ಇಲ್ಲ. ಯಾರು ಜೋರಾಗಿ ಕೂಗಿದರೋ ವೆಲ್ಡರ್ ಸಿದ್ದಲಿಂಗನನ್ನು ಅತ್ತ ಓಡಿಸು, ಅರ್ಧಕ್ಕೆ ಇತ್ತ ಎಳೆ. ಬೇವಿನಡಿ ಒಂದು ಜಾಗ ಖಾಲಿ ಇಡೋಣ ಎಂದವನು ನಾನು, ಅವಸರದ್ದು, ಮುರಿದು ಬಂದದ್ದು ಅಲ್ಲಿ ನಿಲ್ಲಲಿ, ಉಳಿದ ಕಡೆ ಹಿಡಿದದ್ದು ಮುಗಿಯಲಿ — ಸುಣ್ಣದಲ್ಲಿ ಗೆರೆಯನ್ನೂ ಎಳೆದೆ. ಅಲ್ಲೇನ ಕುಸ್ತಿ ಆಡಸ್ತಿ ಏನಪಾ, ಎಂದ ಕಾಕಾ, ಡಿಗ್ರಿ ಓದಿದಾಂವಗ ಖಾಲಿ ಜಾಗಾನ ಬಂಗಾರ ಕಂಡೈತಿ ನೋಡ್ರಿ, ಗಿರಾಕಿಗಳ ಮುಂದೆಯೇ, ಅವರೆಲ್ಲ ನಕ್ಕರು, ಸಿದ್ದಲಿಂಗ ನಗಲಿಲ್ಲ. ನಿನ್ನೆ ಹೇಳಿದ, ನಿಪ್ಪಾಣಿಯ ಟ್ರಾಲಿಯಾಂವ ಕೆಲಸಕ್ಕ ಕರಿಯಾಕತ್ತಾನ್ರಿ, ಒಂದರ ಮುಗಸಾಕ ಬಿಡ್ರಿ, ಆ ಜಾಗಾನೂ ತುಂಬಿದ್ರ ನಾ ನಿಲ್ಲೂದಿಲ್ಲ. ತಲೆಯಾಡಿಸಿದೆ, ಮಾತು ಕೊಟ್ಟ ಹಾಗೆ. ಅವನು ಹೋದರೆ ಈ ಚಾಸಿಗಳು ಹುಲ್ಲಿನಲ್ಲೇ ತುಕ್ಕು ಹಿಡಿಯುತ್ತವೆ, ಕಾಕಾನಿಗೂ ಗೊತ್ತು, ಗೊತ್ತಿದ್ದೂ ಈಗ ಬರುತ್ತಿದ್ದಾನೆ, ಜೊತೆಗೆ ಬಿಳಿ ಟೋಪಿಯ ಹೊಸ ಗಿರಾಕಿ, ಬರ್ರಿ ಸಾವಕಾರ್ರ, ಜಾಗಾ ಬೇಕಾದಷ್ಟ ಐತಿ, ಕೈಯಲ್ಲಿ ಕಾಯಿ, ಚಪ್ಪಲಿಯಡಿ ಸುಣ್ಣದ ಗೆರೆ ಅಳಿಯುತ್ತಿದೆ, ಅಳಿಯಲಿ, ನನ್ನ ಡಿಗ್ರಿಯನ್ನೂ ಅದರ ಜೊತೆ ತುಳಿ — ಬೇವಿನಡಿ ಎರಡು ಚಾನೆಲ್ ಬಿದ್ದವು, ಕಿವಿಯೊಳಗೆ ಬಿದ್ದಂತೆ. ಸಿದ್ದಲಿಂಗ ಮುಖದ ಕಪ್ಪು ಗಾಜು ಎತ್ತಿದ್ದಾನೆ, ನೋಡುತ್ತಿದ್ದಾನೆ, ಕಾಕಾನನ್ನಲ್ಲ, ನನ್ನನ್ನು, ಹೇಳು ಭರತಾ, ಈಗ ಹೇಳು, ಮುರಗೆಪ್ಪನೂ ಇದ್ದಾನೆ, ಎಲ್ಲರ ಎದುರೇ ಹೇಳು — ಕಾಯಿ ಒಡೆಯಿತು. ನೀರು ಸುಣ್ಣದ ಮೇಲೆ ಹರಿಯಿತು. ಸಿದ್ದಲಿಂಗ ಗಾಜನ್ನು ಹತ್ತಿರದ ಚಾಸಿಯ ಮೇಲಿಟ್ಟು, ಕೈ ಒರೆಸಿಕೊಂಡು, ಗೇಟಿನ ಕಡೆ ನಡೆದ. ಹಸಿ ಕುಂಕುಮ, ಬಿಳಿ ಕೊಬ್ಬರಿ, ಗಾಲಿಯಿಲ್ಲದ ಮತ್ತೊಂದು ಚಾಸಿ.

ಕಾಕಾ, ಇನ್ನ ಬ್ಯಾಡ. ಇಷ್ಟನ್ನು ನಾನು ಹೇಳಲೇ ಇಲ್ಲ.