ಹದಿನಾರು ಪಾಯಿಂಟ್ ನಾಲ್ಕು

ತಿಮ್ಮರಾಜು ಓದಿದ್ದು ಹತ್ತನೇ ಕ್ಲಾಸು, ಅದೂ ಎರಡನೇ ಸಲಕ್ಕೆ ಪಾಸು. ಆದರೆ ಹೊಸೂರಿನಾಚೆ ಉದ್ದನಪಲ್ಲಿಯಿಂದ ರಾಯಕೋಟೆ ಕಡೆಗೆ ಹೋಗುವ ರಸ್ತೆಯ ಆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಮಿಸ್ಟ್ರಿ ಲ್ಯಾಬಿನ ದ್ರಾವಣಗಳೆಲ್ಲ ತಯಾರಾಗುತ್ತಿದ್ದುದು ಅವನ ಕೈಯಲ್ಲೇ. ಮೇಷ್ಟ್ರುಗಳು ಬಂದರು, ಟ್ರಾನ್ಸ್‌ಫರ್ ಆಗಿ ಹೋದರು. ಉಪ್ಪು ತೂಗುವುದು, ಕರಗಿಸುವುದು, ಗೆರೆಯ ಮಟ್ಟಕ್ಕೆ ನೀರು ತುಂಬುವುದು, ಸೀಸೆಗೆ ಚೀಟಿ ಅಂಟಿಸುವುದು, ಇವು ಅಟೆಂಡರ್ ತಿಮ್ಮರಾಜುವಿನ ಪಾಲಿಗೇ ಉಳಿದವು. ಬರುವ ಮೇ ತಿಂಗಳಿಗೆ ಅವನ ಸರ್ವೀಸು ಮುಗಿಯುವುದಿತ್ತು. ಅವನು ಮಾಡಿದ ದ್ರಾವಣ ಒಂದು ಸಲವೂ ತಪ್ಪಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಆ ಲ್ಯಾಬಿಗೆ ಒಂದು ರೂಢಿಯಿತ್ತು. ಪ್ಲಸ್ ಟೂ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜು ಮೇಜಿಗೂ ದ್ರಾವಣ ಸುರಿಯುತ್ತಾ ಬರುವಾಗ ತಿಮ್ಮರಾಜು ಬಗ್ಗಿ, ತುಟಿ ಅಲ್ಲಾಡಿಸದೆ ಒಂದು ಅಂಕಿ ಹೇಳುತ್ತಿದ್ದ. ತಾನು ತೂಗಿದ ಲೆಕ್ಕಕ್ಕೆ ಅಳತೆ ಎಷ್ಟು ಬರಬೇಕೋ ಆ ಅಂಕಿ. ಹುಡುಗರು ಬ್ಯೂರೆಟ್ಟಿನ ನಲ್ಲಿ ತಿರುಗಿಸಿದಂತೆ ಮಾಡಿ ಅದನ್ನೇ ಬರೆದು ಕೊಡುತ್ತಿದ್ದರು. ಇದಕ್ಕೆ ಅವನು ಯಾರಿಂದಲೂ ಒಂದು ಟೀ ಕೂಡ ಕುಡಿದವನಲ್ಲ. ಬಡವರ ಮಕ್ಕಳು, ಬದುಕಿಕೊಳ್ಳಲಿ ಅನ್ನುತ್ತಿದ್ದ.

ಭೂಮಿಕಾ ಅವನ ಬೀದಿಯವಳೇ. ಅವಳ ತಾಯಿ ರಾಮಕ್ಕ ಹೂ ಬೆಳೆಯುವ ಪಾಲಿಹೌಸಿನಲ್ಲಿ ಗುಲಾಬಿ ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಅಗ್ರಿ, ಅಂದರೆ ಕೃಷಿ ಡಿಗ್ರಿ ಓದಿ, ಅಂಥದೇ ಪಾಲಿಹೌಸಿಗೆ ಆಫೀಸರಾಗಿ ಹೋಗಬೇಕೆಂಬುದು ತಾಯಿಮಗಳಿಬ್ಬರ ಹಟ. ಸೀಟಿಗೆ ಕಟಾಫ್ ಒಂದೊಂದು ಅಂಕಕ್ಕೂ ಜಗ್ಗಾಡುತ್ತದೆ. ಹುಡುಗಿ ವರ್ಷಪೂರ್ತಿ ಶನಿವಾರ ಸಂಜೆ ಲ್ಯಾಬಿನಲ್ಲಿ ನಿಂತು ಅಭ್ಯಾಸ ಮಾಡಿದ್ದಳು. ಬ್ಯೂರೆಟ್ಟಿನಿಂದ ನೇರಳೆ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಬಿದ್ದ ಬಣ್ಣವೆಲ್ಲ ಮಾಯವಾಗುತ್ತಾ ಹೋಗಿ, ಯಾವುದೋ ಒಂದು ತೊಟ್ಟಿಗೆ ತೆಳು ಗುಲಾಬಿ ನಿಂತುಬಿಡುತ್ತದೆ. ಅಲ್ಲಿಗೆ ಎಷ್ಟು ಖರ್ಚಾಯಿತೆಂದು ಓದಿ ಬರೆಯಬೇಕು. ಆ ಒಂದು ತೊಟ್ಟನ್ನು ಹಿಡಿಯುವುದರಲ್ಲಿ ಅವಳ ಕಣ್ಣು ತನ್ನ ಕಣ್ಣಿಗಿಂತ ಚುರುಕೆಂದು ತಿಮ್ಮರಾಜುವಿಗೆ ಗೊತ್ತಿತ್ತು. ಕಲಿಸಿದವನೂ ಅವನೇ.

ಆ ಸಲದ ಪರೀಕ್ಷೆ ಗುರುವಾರ. ಕೊಟ್ಟಿದ್ದು ಫೆರಸ್ ಸಲ್ಫೇಟು, ಅವನ ಅಜ್ಜಿ ಅನ್ನಭೇದಿ ಅನ್ನುತ್ತಿದ್ದ ಹಸಿರು ಹರಳು. ಅದರ ದ್ರಾವಣಕ್ಕೆ ಗಾಳಿ ಆಗದು, ತಾಗಿದರೆ ಸತ್ವ ಇಳಿದು ಅಳತೆ ಕಡಿಮೆ ಬರುತ್ತದೆ. ಅವತ್ತಿನದು ಅವತ್ತೇ ಮಾಡಬೇಕು, ಮಾಡಿದ ಕೂಡಲೇ ಆಸಿಡ್ ಹಾಕಬೇಕು. ಆದರೆ ಬುಧವಾರ ಕರೆಂಟಿನವರು ತಿಂಗಳ ರಿಪೇರಿಗೆಂದು ಲೈನ್ ತೆಗೆಯುವವರಿದ್ದರು. ಕರೆಂಟಿಲ್ಲದೆ ಮೋಟಾರಿಲ್ಲ, ಬಟ್ಟಿ ಇಳಿಸಿದ ನೀರಿಲ್ಲ; ಗುರುವಾರ ಬೆಳಿಗ್ಗೆ ನೀರಿಳಿಸಿ ಮಾಡಲು ಹೊತ್ತು ಸಾಲದು. ಹಾಗಾಗಿ ಮಂಗಳವಾರ ಸಂಜೆಯೇ ತೂಗಿ ಕರಗಿಸಿಬಿಟ್ಟ. ಆಸಿಡ್ ಬೀರುವಿನಲ್ಲಿತ್ತು. ಬೀರುವಿನ ಕೀ ಕೆಮಿಸ್ಟ್ರಿ ಟೀಚರ್ ಮಾಲಿನಿ ಮೇಡಂ ಬ್ಯಾಗಿನಲ್ಲಿ, ಮೇಡಂ ಹೊಸೂರು ಬಸ್ಸಿನಲ್ಲಿ; ಬುಧವಾರ ಅವರಿಗೆ ರಜೆ. ಒಂದಿನದಲ್ಲಿ ಏನಾದೀತು ಎಂದು ಬಿರಡೆ ಬಿಗಿದಿಟ್ಟ.

ಗುರುವಾರ ಬೆಳಿಗ್ಗೆ ನೋಡಿದರೆ ಸೀಸೆಯಲ್ಲಿ ತುಕ್ಕಿನ ಬಣ್ಣದ ಮಡ್ಡಿ. ಹೊಸದು ಮಾಡಲು ಹೊತ್ತಿರಲಿಲ್ಲ, ಪರೀಕ್ಷಕರ ಕಾರು ಆಗಲೇ ಗೇಟಿನಲ್ಲಿತ್ತು. ಆಸಿಡ್ ಸುರಿದು ಕುಲುಕಿದ. ಮಡ್ಡಿ ಕರಗಿ ದ್ರಾವಣ ತಿಳಿಯಾಯಿತು. ಬದುಕಿದೆ ಅಂದುಕೊಂಡ. ಒಮ್ಮೆ ಅಳೆದು ನೋಡಬೇಕೆನ್ನಿಸಿತು, ನೋಡಲಿಲ್ಲ.

ಮೇಜು ಮೇಜಿಗೂ ಸುರಿಯುತ್ತಾ ‘ಹದಿನೆಂಟು ಪಾಯಿಂಟ್ ಎರಡು’ ಎಂದು ಹೇಳಿಕೊಂಡು ಬಂದ. ಭೂಮಿಕಾಳ ಹತ್ತಿರ ಬಗ್ಗಿದಾಗ ಅವಳು ನಕ್ಕು, “ನಂಗ್ಬ್ಯಾಡ ಮಾಮ, ನಾನೇ ನೋಡ್ಕಂತೀನಿ” ಅಂದಳು. ಅವನಿಗೆ ಹೆಮ್ಮೆಯೇ ಆಯಿತು.

ಮೂರು ಸಲ ಮಾಡಿದಳು. ಮೂರು ಸಲವೂ ಹದಿನಾರು ಪಾಯಿಂಟ್ ನಾಲ್ಕಕ್ಕೇ ಗುಲಾಬಿ ನಿಂತಿತು. ಪಕ್ಕದ ಮೇಜಿನ ಕುಮಾರೇಶ್ ಇಣುಕಿ, ಯಾಕಮ್ಮ, ಮಿಕ್ಕ ಒಂದು ಪಾಯಿಂಟ್ ಎಂಟನ್ನ ಪರೀಕ್ಷಕರ ಮನೆಗೆ ಪಾರ್ಸೆಲ್ ಕಟ್ತೀಯಾ ಎಂದು ಕಿಚಾಯಿಸಿದ. ಅವನ ಫ್ಲಾಸ್ಕೂ ಅಷ್ಟಕ್ಕೇ ಗುಲಾಬಿಯಾಗಿತ್ತು. ಅವನು ಅದನ್ನು ಸಿಂಕಿಗೆ ಚೆಲ್ಲಿ ಹದಿನೆಂಟು ಪಾಯಿಂಟ್ ಎರಡು ಬರೆದಿದ್ದ. ಭೂಮಿಕಾ ತಾನು ಕಂಡಿದ್ದನ್ನು ಬರೆದಳು.

ಪರೀಕ್ಷಕರು ಕೃಷ್ಣಗಿರಿ ಕಡೆಯ ತಮಿಳು ಮೇಷ್ಟ್ರು, ಅವಸರವಿಲ್ಲದ ಮನುಷ್ಯ. ಮೂವತ್ತೊಂಬತ್ತು ಕಾಗದದಲ್ಲಿ ಒಂದೇ ಅಂಕಿ, ಒಂದರಲ್ಲಿ ಬೇರೆ. ಮೂರು ಸಲವೂ ಒಂದೇ ಬಂದಿದೆಯಲ್ಲ, ಈ ಹುಡುಗಿ ಸುಮ್ಮನೆ ಬರೆದಂತಿಲ್ಲವಲ್ಲ ಎಂದು ಮಾಲಿನಿ ಮೇಡಂಗೆ ತೋರಿಸಿದರು. ನಮ್ಮ ತಿಮ್ಮರಾಜು ಮಾಡಿದ ದ್ರಾವಣ ಸಾರ್, ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ಎಂದು ಮೇಡಂ ಎಲ್ಲರೆದುರೇ ಹೇಳಿದರು. ಪರೀಕ್ಷಕರು ಅವನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದ್ದು ಒಂದೇ ಮಾತು: ಇದನ್ನು ಯಾವಾಗ ಮಾಡಿದಿರಿ?

ಮೇಡಂ ಮುಖದಲ್ಲಿ ಆ ಹೊಗಳಿಕೆ ಇನ್ನೂ ಆರಿರಲಿಲ್ಲ. ಭೂಮಿಕಾ ಬಾಗಿಲ ಹತ್ತಿರ ನೋಟ್‌ಬುಕ್ ಎದೆಗೆ ಅವುಚಿಕೊಂಡು ನಿಂತಿದ್ದಳು.

“ಇವತ್ತು ಬೆಳಿಗ್ಗೇನೇ ಸಾರ್” ಅಂದ ತಿಮ್ಮರಾಜು. “ಆಸಿಡ್ ಹಾಕೇ ಮಾಡಿದ್ದು.”

ಪರೀಕ್ಷಕರು ತಲೆಯಾಡಿಸಿ, ಭೂಮಿಕಾಳ ಕಾಗದದಲ್ಲಿ ಅಳತೆಗಿದ್ದ ಅಂಕದಿಂದ ಆರು ಕಳೆದರು.

ಅವರು ಸ್ಟಾಫ್ ರೂಮಿಗೆ ಊಟಕ್ಕೆ ಹೋದ ಮೇಲೆ ಅವನು ಲ್ಯಾಬಿನ ಬಾಗಿಲು ಎಳೆದುಕೊಂಡ. ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಬ್ಯೂರೆಟ್ ತೊಳೆದು, ನೇರಳೆ ತುಂಬಿ, ಕನ್ನಡಕ ಒರೆಸಿಕೊಂಡು ಕೂತ. ಹದಿನೈದು ದಾಟಿತು. ಹದಿನಾರು. ಆಮೇಲೆ ಒಂದೊಂದೇ ತೊಟ್ಟು ಬಿಟ್ಟ. ಹದಿನಾರು ಪಾಯಿಂಟ್ ನಾಲ್ಕಕ್ಕೆ ಗುಲಾಬಿ ನಿಂತಿತು. ನಿಂತದ್ದು ಹೋಗಲಿಲ್ಲ.

ಸ್ಟಾಫ್ ರೂಮು ಇಪ್ಪತ್ತು ಹೆಜ್ಜೆ. ಪರೀಕ್ಷಕರು ಮೊಸರನ್ನಕ್ಕೆ ಉಪ್ಪಿನಕಾಯಿ ಕೇಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು. ಅಂಕದ ಹಾಳೆಗೆ ಇನ್ನೂ ಸೀಲ್ ಬಿದ್ದಿರಲಿಲ್ಲ. ಹೋಗಿ, ಮಂಗಳವಾರ ಮಾಡಿದ್ದು ಸಾರ್, ತಪ್ಪು ನಂದು ಅಂದರೆ ಮುಗಿಯುತ್ತಿತ್ತು. ಹಾಗಂದರೆ ಮಿಕ್ಕ ಮೂವತ್ತೊಂಬತ್ತು ಮಕ್ಕಳಿಗೆ ಹದಿನೆಂಟು ಪಾಯಿಂಟ್ ಎರಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಏಳುತ್ತದೆ. ಅವರ ಗತಿಯೇನು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅವನನ್ನು ಹಿಡಿದು ಕೂರಿಸಿದ್ದು ಆ ಮಕ್ಕಳಲ್ಲ. ಮೇ ತಿಂಗಳಲ್ಲಿ ಶಾಲು ಹೊದಿಸುವಾಗ ಹೆಡ್ಮಾಸ್ಟರು ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ಅನ್ನುವ ಮಾತು ಆಡಬೇಕಿತ್ತು. ಆ ‘ಒಂದು ಸಲ’ ಈ ಸೀಸೆಯಲ್ಲಿತ್ತು. ಎದ್ದು ಸಿಂಕಿಗೆ ಸುರಿದು, ನಲ್ಲಿ ಬಿಟ್ಟ.

ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಭೂಮಿಕಾ ಕಾಯುತ್ತಿದ್ದಳು. ಅತ್ತಿರಲಿಲ್ಲ.

“ಎಲ್ಲಿ ತಪ್ಪು ಮಾಡ್ದೆ ಮಾಮ ನಾನು? ಮೂರು ಸಲಾನೂ ಒಂದೇ ಬಂತಲ್ಲ.”

“ಬಣ್ಣ ನಿಲ್ಲೋಕೆ ಮುಂಚೇನೇ ನಿಂಗೆ ನಿಂತಂಗೆ ಕಂಡೈತೆ ಕಣವ್ವ” ಅಂದ ಅವನು, ಸೈಕಲ್ಲಿನ ಬೀಗದ ಕೀ ಹುಡುಕುತ್ತಾ. “ಕೆಲವರ ಕಣ್ಣೇ ಹಂಗಿರ್ತದೆ. ನೀನೇನ್ ಮಾಡೋಕಾಯ್ತದೆ.”

ಅವಳು, ಹಂಗಾರೆ ಇಷ್ಟು ದಿನ ಸರಿ ಬತ್ತಿತ್ತಲ್ಲ ಅಂದಳು. ಅವನು ಸೈಕಲ್ ಹತ್ತಿದ.

ಮೇ ತಿಂಗಳಲ್ಲಿ ಶಾಲು ಬಂತು, ಆ ಮಾತೂ ಬಂತು. ಅಗ್ರಿ ಸೀಟು ಭೂಮಿಕಾಳಿಗೆ ಎರಡು ಅಂಕಕ್ಕೆ ತಪ್ಪಿತು. ಮುಂದಿನ ವರ್ಷ ನೋಡೋಣವೆಂದು ರಾಮಕ್ಕ ಮಗಳನ್ನು ಫೋನ್ ತಯಾರಿಸುವ ಕಂಪನಿಯ ಕೆಲಸಕ್ಕೆ ಸೇರಿಸಿದಳು. ಮುಂದಿನ ವರ್ಷ ಬಂತು, ಹೋಯಿತು.

ಒಂದು ಬೆಳಿಗ್ಗೆ ತಿಮ್ಮರಾಜು ಹಾಲಿನ ಡೈರಿಯಿಂದ ಬರುವಾಗ ಅವಳು ಕಂಪನಿ ಬಸ್ಸಿಗೆ ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ. ಕೆಲಸ ಹೆಂಗದೆ ಅಂತ ಅವನೇ ಕೇಳಿದ. ಪರವಾಗಿಲ್ಲ ಅಂದಳು, ಪ್ಯಾಕಿಂಗಿನಲ್ಲಿ ದಿನವಿಡೀ ನಿಂತೇ ಇರಬೇಕಂತೆ, ಕಾಲು ಊದಿಕೊಳ್ಳುತ್ತದಂತೆ. ಕೂತು ಮಾಡುವ ಕೆಲಸ ಇಲ್ಲವೇ ಎಂದ.

“ಐತೆ ಮಾಮ. ಫೋನಿನ ಬಣ್ಣ ಟೆಸ್ಟ್ ಮಾಡೋದು. ನೀನು ಸಯನ್ಸ್ ಓದಿದೋಳು, ಅದಕ್ಕೇ ಬಾ ಅಂದ್ರು, ಸಂಬ್ಳನೂ ಜಾಸ್ತಿ.” ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಊಟದ ಡಬ್ಬಿ ಎತ್ತಿಕೊಂಡಳು. “ನನ್ ಕಣ್ಣು ಸರಿಯಿಲ್ಲ, ಬಣ್ಣ ಮುಂಚೇನೇ ಕಾಣ್ತದೆ ಅಂತ ಮೊದ್ಲೇ ಹೇಳ್ಬುಟ್ಟೆ. ಆಮೇಲೆ ಅವ್ರಿಗೂ ತೊಂದ್ರೆ ಅಲ್ವಾ.”