ಕೆಂಪವ್ವನ ಅಡ್ಡಗೆರೆ

ಕೆಂಪವ್ವ ಸಭೆಗೆ ಬರುವಾಗ ಕೈಚೀಲದಲ್ಲಿ ಮರದ ಫೂಟ್‌ಪಟ್ಟಿಯೊಂದನ್ನು ತರುತ್ತಾಳೆ. ಧುಪದಾಳದ ಮಹಿಳಾ ಸಂಘವನ್ನು ಹದಿನೈದು ವರ್ಷಗಳಿಂದ ನಡೆಸುತ್ತಿರುವ ಈ ಹೆಂಗಸಿಗೆ ಅದರಿಂದ ಆಗಬೇಕಾದ ಕೆಲಸ ಒಂದೇ: ಠರಾವು ಪುಸ್ತಕದಲ್ಲಿ ಬರಹ ಮುಗಿದ ಮೇಲೆ ಉಳಿಯುವ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯುವುದು. ಗೆರೆ ಎಳೆದು, ಕೆಳಗೆ ಸಹಿ ಮಾಡಿ, ಪಟ್ಟಿಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಸೇರಿಸಿದ ಮೇಲೆಯೇ ಆಕೆ ಚಹಾದ ಕಪ್ಪು ಮುಟ್ಟುವುದು.

ನಮ್ಮ ಕಡೆಯ ಸಂಘಗಳ ರೂಢಿ ಬೇರೆ. ಬಂದವರು ಬಂದಂತೆ ಪುಟದ ಕೆಳಗೆ ಸಹಿ ಹಾಕುತ್ತಾರೆ. ಮೇಲಿನ ಬಿಳಿಯಲ್ಲಿ ಠರಾವನ್ನು ಯಾರಾದರೂ ಪುರುಸೊತ್ತಾದಾಗ ತುಂಬುತ್ತಾರೆ. ಎಲ್ಲರಿಗೂ ಬಸ್ಸಿನ ಅವಸರವಿರುವುದರಿಂದ ಇದನ್ನು ಯಾರೂ ತಪ್ಪೆಂದು ತಿಳಿದವರಲ್ಲ. ನಾನಂತೂ ತಿಳಿದಿರಲಿಲ್ಲ. ಹಿಂದಿನ ಸಲ ಹೊಳೆ ಬಂದಾಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮೂರು ಸಂಘದವರೂ ನೆರೆಯವರು ತಂಗಿದ್ದ ಒಂದೇ ಶಾಲೆಗೆ ಅನ್ನ ಹೊತ್ತೊಯ್ದಿದ್ದರು; ಪಕ್ಕದ ಊರಿನವರು ಉಪವಾಸ ಬಿದ್ದಿದ್ದರು. ಆ ನಾಚಿಕೆಯಿಂದ ಅರಭಾವಿಯಲ್ಲಿ ಒಕ್ಕೂಟ ಕಟ್ಟಲು ಕೂಡಿದಾಗ, ಬರೆಯುವವನೆಂಬ ಕಾರಣಕ್ಕೆ ಪುಸ್ತಕ ನನ್ನ ಕೈಗೆ ಬಂತು.

ಸೊಂಟಕ್ಕೆ ಸಿಕ್ಕಿಸಿದ ಸಂಘದ ಖೋಲಿಯ ಕೀಲಿಕೈ ಮೇಲೆ ಎಡಗೈ ಊರಿ, ಅದೇ ಮಗ್ಗುಲಿಗೆ ತುಸು ವಾಲುತ್ತ ಕೆಂಪವ್ವ ಬಂದಳು. ಯಮಕನಮರಡಿ ಸಂಘದ ಈಶ್ವರ ಮಾಸ್ತರರು ಪೆನ್ನು ಚಾಚಿದರು.

"ಬರ್ರಿ ಕೆಂಪವ್ವಾರ, ಮದಲ ಒಂದ್ ಸಹಿ ಒಗೀರಿ."

"ಮ್ಯಾಲ ಏನೈತಿ?"

"ಇನ್ನೂ ಏನೂ ಇಲ್ಲರಿ."

"ಏನೂ ಇಲ್ಲದ್ದಕ್ಕ ನನ್ನ ಹೆಸರ ಯಾಕ ಬೇಕರಿ ಮಾಸ್ತರ?"

ಎಲ್ಲರೂ ನಕ್ಕರು. ಆಕೆ ನಗದೆ ನನ್ನ ಕಡೆ ತಿರುಗಿದಳು: "ನೀವು ಕತಿ ಬರಿಯಾವರಂತ. ಇಲ್ಲದ್ದನ್ನ ಬರಿಯಾವರ ಮುಂದಂತೂ ಖಾಲಿ ಹಾಳಿ ಇಡಬಾರದು."

ನನಗೆ ಸಿಟ್ಟು ಬಂದದ್ದು ನಿಜ. ಆಕೆ ಹಾಗೆಂದುದರ ಕಾರಣ ಆಮೇಲೆ ತಿಳಿಯಿತು. ಎಂಟು ವರ್ಷದ ಹಿಂದೆ ದೂರದ ಸಂಸ್ಥೆಯೊಂದು ಕೂಡಿ ಕೆಲಸ ಮಾಡೋಣವೆಂದು ಬಂದು, ಹಾಜರಿಗೆಂದು ಹೆಂಗಸರ ಸಹಿ ಪಡೆದಿತ್ತು. ಆ ಸಹಿಗಳ ಮೇಲಿನ ಖಾಲಿ ಜಾಗದಲ್ಲಿ, ಸಂಘದ ಏಳು ಹೊಲಿಗೆ ಯಂತ್ರಗಳನ್ನು ಸ್ವಇಚ್ಛೆಯಿಂದ ಒಪ್ಪಿಸಿದ್ದೇವೆ ಎಂಬ ಸಾಲು ಮೂಡಿತು. ಯಂತ್ರಗಳು ಟೆಂಪೋ ಏರಿದವು; ಹೆಂಗಸರೇ ಕೈಹಚ್ಚಿ ಏರಿಸಿದ್ದರು, ರಿಪೇರಿಗೆಂದು ತಿಳಿದು.

ಸಂಘಕ್ಕೆ ಉಳಿದದ್ದು ಒಂದು ಖೋಲಿ, ಅದರಲ್ಲಿ ಊರೂಟದ ಹಂಡೆ, ಬೋಗಾಣಿಗಳು. ಆದ್ದರಿಂದ ಆಕೆ ನನ್ನಿಂದ ಒಕ್ಕೂಟದ ಮೊದಲ ಠರಾವನ್ನು ಬರೆಸಿದಳು: ಧುಪದಾಳದ ಹನ್ನೊಂದೂ ಸದಸ್ಯರ ಸಹಿಯಿಲ್ಲದೆ ಒಂದು ಸೌಟೂ ಹೊಸ್ತಿಲು ದಾಟಕೂಡದು. ಪಟ್ಟಿ ಹೊರಬಂತು, ಗೆರೆ ಬಿತ್ತು. ಮೂಡಲಗಿ ಸಂಘದ ಸುಜಾತಾ ಹಬ್ಬಕ್ಕೆ ಕರದಂಟು ಕೊಟ್ಟಾಗಲೂ ಕೆಂಪವ್ವ ಕೇಳಿದ್ದು, "ಇದಕ್ಕೂ ಸಹಿ ಬೇಕೇನವಾ?"

ಕಳೆದ ಶ್ರಾವಣದಲ್ಲಿ ಹೊಳೆ ಮತ್ತೆ ಏರಿತು. ಒಂದು ಮುಂಜಾನೆ ಸುಜಾತಾ ಟೆಂಪೋ ತಂದು ಖೋಲಿಯ ಮುಂದೆ ನಿಲ್ಲಿಸಿದಳು; ಪುಸ್ತಕ ಹಿಡಿದು ನಾನೂ ಅದರಲ್ಲಿದ್ದೆ. ಮೂಡಲಗಿ ಕಡೆಯ ಶಾಲೆಯೊಂದರಲ್ಲಿ ನಾನೂರು ಜನ ಹಿಂದಿನ ದಿನದಿಂದ ಬಿಸ್ಕೀಟಿನ ಮೇಲಿದ್ದರು. ಅಕ್ಕಿ ಬಂದಿತ್ತು, ಬೇಯಿಸಲು ಪಾತ್ರೆಯಿರಲಿಲ್ಲ. ಇಲ್ಲಿ ಸಂಘದ ಹನ್ನೊಂದು ಸದಸ್ಯರಲ್ಲಿ ಏಳು ಹೆಂಗಸರು ದನಕರು ಹೊಡೆದುಕೊಂಡು ಎತ್ತರದ ಊರುಗಳಿಗೆ ಹೋಗಿದ್ದರು.

"ಠರಾವಿನ್ಯಾಗ ಏನೈತಿ, ಓದ್ರಿ ಅಣ್ಣಾರ," ಎಂದಳು ಕೆಂಪವ್ವ. ಓದಿದೆ.

"ಕೂಸುಗೋಳು ಎಷ್ಟ ಅದಾವ?"

"ತೊಂಬತ್ತ ಮ್ಯಾಲ ಅದಾವರಿ ಅಕ್ಕಾರ," ಎಂದಳು ಸುಜಾತಾ.

ಕೆಂಪವ್ವ ಟೆಂಪೋದ ಸುತ್ತ ಒಂದು ಸುತ್ತು ಬಂದು, ಅದರ ನಂಬರನ್ನು ಅಂಗೈಯಲ್ಲಿ ಬರೆದುಕೊಂಡಳು. ಕೀಲಿ ತೆಗೆದಳು. ಆಮೇಲೆ ನನ್ನ ಕೈಯಿಂದ ಪುಸ್ತಕ ಕಸಿದು, ಹೊಸ ಪುಟ ತಿರುವಿ, ಅದರ ಕೆಳಗಂಚಿನಲ್ಲಿ ತನ್ನ ಹೆಸರು ಬರೆದಳು. ಮೇಲೆ ಇಡೀ ಹಾಳೆ ಬಿಳಿ.

"ಏನ ಬರಿಯೂದೈತೋ ಬರಕೋರಿ. ದೊಡ್ಡ ಹಂಡೆದ ತಳ ತೆಳ್ಳಗ ಆಗೈತಿ, ಉರಿ ಸಣ್ಣಗ ಇಡಾಕ ಹೇಳ್ರಿ."

ನಾನು ಬದುಕಿನಲ್ಲಿ ಎಷ್ಟೋ ಖಾಲಿ ಹಾಳೆಗಳ ಮುಂದೆ ಕುಳಿತವನು; ಯಾವುದಕ್ಕೂ ಅಷ್ಟು ಹೆದರಿದ್ದಿಲ್ಲ. ಟೆಂಪೋ ತಿರುವು ದಾಟುವವರೆಗೂ ಆಕೆ ಅಂಗೈ ಬಿಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಹನ್ನೆರಡನೆಯ ದಿನ ಪಾತ್ರೆಗಳು ಮರಳಿದವು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ ಒಳಗಿಟ್ಟ ಕೆಂಪವ್ವ ಪುಸ್ತಕ ಬೇಡಿದಳು. ಪಾತ್ರೆಗಳು ಅಡುಗೆಗೆ ಹೋಗಿವೆ, ಕೆಲಸ ಮುಗಿದೊಡನೆ ಧುಪದಾಳಕ್ಕೇ ಮರಳತಕ್ಕದ್ದು ಎಂದಷ್ಟೇ ಬರೆದಿದ್ದೆ. ಎರಡು ಸಲ ಓದಿದಳು. ಬರಹಕ್ಕೂ ಸಹಿಗೂ ನಡುವೆ ಮುಕ್ಕಾಲು ಪುಟ ಬಿಳಿ ಉಳಿದಿತ್ತು. ಫೂಟ್‌ಪಟ್ಟಿ ತೆಗೆದು, ನನ್ನ ಎದುರಿಗೇ, ಅದಕ್ಕೂ ಗೆರೆ ಎಳೆದಳು.

"ಹನ್ನೆರಡ ದಿನ ನಿದ್ದಿ ಹತ್ತಿಲ್ಲ ನೋಡ್ರಿ," ಎಂದಳು. ಆಮೇಲೆ ಚಹಾ ತರಿಸಿದಳು.

ಕೂಡಿ ದುಡಿಯಿರೆಂದು ವೇದಿಕೆಯಲ್ಲಿ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಸಂಶಯದವರನ್ನು ಅವರು ಕೊಂಕಿನವರೆನ್ನುತ್ತಾರೆ. ಈಗ ನನ್ನ ಸಂಶಯವೆಲ್ಲ ಕೇಳಿದೊಡನೆ ಸಹಿ ಹಾಕುವವರ ಮೇಲೆ. ಕಳೆದುಕೊಳ್ಳಲು ಏನೂ ಇಲ್ಲದವರ ನಂಬಿಕೆ ಅಗ್ಗದ್ದು. ಒಮ್ಮೆ ಮೋಸಹೋದವರು ಎಲ್ಲ ತಿಳಿದೂ ಖಾಲಿ ಹಾಳೆಗೆ ಹೆಸರು ಬರೆದುಕೊಟ್ಟಾಗ ಆ ಹಾಳೆ ಹೊತ್ತವನ ಕೈ ನಡುಗುತ್ತದೆ. ಒಕ್ಕೂಟಗಳು ಬಾಳುವುದು ಆ ನಡುಕ ಇರುವಷ್ಟು ದಿನ.