ಪುಕ್ಕಲನ ಅಳತೆ

ನಮ್ಮ ನಾಯಿಗೆ ಪುಕ್ಕಲ ಎಂದು ಹೆಸರಿಟ್ಟವಳು ನಾನೇ. ಕುಕ್ಕರ್ ಕೂಗಿದರೆ ಹೊಲಿಗೆ ಮಷೀನಿನ ಕೆಳಗೆ, ಬೈಕಿನ ಸದ್ದಾದರೆ ಮಷೀನಿನ ಕೆಳಗೆ, ಬ್ಲೌಸ್ ಹೊಲಿಸಲು ಬಂದವರ ಕೈಯಲ್ಲಿ ಮಡಚಿದ ಕೊಡೆ ಕಂಡರೂ ಅಲ್ಲೇ. ಅವನಿಗೋಸ್ಕರ ಮಷೀನಿನ ಮೋಟರ್ ತೆಗೆಸಿ ಮತ್ತೆ ಕಾಲಲ್ಲಿ ತುಳಿಯತೊಡಗಿದೆ. ಎರಡು ವರ್ಷ ಮನೆಯಲ್ಲಿ ಪಾತ್ರೆಯ ಸದ್ದೂ ಆಗದ ಹಾಗೆ ಬದುಕಿದೆ. ನಡುಗುವ ಮೂತಿಯನ್ನು ಅವನು ನನ್ನ ಪಾದದ ಮೇಲಿಟ್ಟಾಗ, ಈ ಲೋಕದಲ್ಲಿ ನನ್ನನ್ನು ಬಿಟ್ಟರೆ ಗತಿಯಿಲ್ಲದ ಜೀವ ಒಂದಾದರೂ ಇದೆ ಅನ್ನಿಸುತ್ತಿತ್ತು.

ಆಮೇಲೆ ತಂಗಿ ಬಂದಳು. ಅವಳು ಬಸ್ ಕಂಡಕ್ಟರು. ಇಲ್ಲಿನ ಡಿಪೋಗೆ ವರ್ಗವಾಗಿ ನನ್ನ ಜೊತೆಗೇ ಉಳಿದಳು. ಹಿಂದಿನ ಸೀಟಿನಲ್ಲಿ ನಿದ್ದೆ ಹೋದವರನ್ನೂ ಎಬ್ಬಿಸುವ ದನಿ. ಹೊಸಿಲಲ್ಲಿ ನಿಂತೇ, "ಅಕ್ಕಾ, ಇದ್ಯಾರೇ ಸಾಹೇಬರು, ಮಷೀನ್ ಕೆಳಗೆ ಆಫೀಸ್ ತೆಗೆದಿರೋದು?" ಎಂದು ಗುಡುಗಿದಳು. ಇವನ ಜೀವ ಹೋಯಿತು ಅಂದುಕೊಂಡೆ. ಪುಕ್ಕಲ ತಲೆ ಹೊರಗೆ ಹಾಕಿ ಅವಳನ್ನೇ ನೋಡಿದ. ತಿಂಗಳು ತುಂಬುವಷ್ಟರಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

ಚಿಕ್ಕಂದಿನಲ್ಲಿ ಅಪ್ಪ ದಿನಾ ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪದ್ಯ ಹೇಳಿಸುತ್ತಿದ್ದ. ಕಂಠ ಅವಳ ಪಾಲಿಗೆ ಬಂತು, ಕಿವಿ ನನ್ನ ಪಾಲಿಗೆ. ಹಾಡಿದವಳನ್ನು ಅಪ್ಪ ಮುದ್ದಿಸುತ್ತಿದ್ದ. ತಪ್ಪದೆ ಕೇಳಿಸಿಕೊಂಡವಳನ್ನು ಯಾರು ಮುದ್ದಿಸುತ್ತಾರೆ? ಆ ಉರಿ ಎಂದೋ ಆರಿತೆಂದು ನಂಬಿದ್ದೆ.

ಆಪರೇಷನ್ ಮಾತು ಬಂದದ್ದು ಈ ನಡುವೆ. ಬೀದಿ ತುದಿಯ ಹೆಣ್ಣುನಾಯಿಯ ವಾಸನೆ ಹಿಡಿದು ಪುಕ್ಕಲ ಎರಡು ಸಲ ಗೇಟು ಹಾರಿದ. ಎರಡನೇ ಸಲ ಕಿವಿ ಹರಿಸಿಕೊಂಡು ಬಂದು, ಸವರಲು ಹೋದ ಗಿರಾಕಿಯ ಮೇಲೆ ಹಲ್ಲು ಕಿರಿದ. ಎದುರಿನ ಇಸ್ತ್ರಿ ಅಂಗಡಿಯವನು, "ಬೀಜ ತೆಗೆಸಿಬಿಡಿ ಅಕ್ಕಾ, ಹಸು ಥರ ಆಗ್ತಾನೆ" ಎಂದ. ತಂಗಿ ಒಪ್ಪಲಿಲ್ಲ. "ಈಗ ತಾನೇ ಸಾಹೇಬರಿಗೆ ಸ್ವಲ್ಪ ಧೈರ್ಯ ಬರ್ತಿದೆ. ನಿನಗೇನಕ್ಕಾ, ಕೈಲಿ ಕತ್ತರಿ ಇದ್ರೆ ಕಂಡದ್ದೆಲ್ಲ ಕತ್ತರಿಸೋ ಆಸೆ!"

ನಾಯಿ ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. "ಗೇಟು ಹಾರೋದು ಕಮ್ಮಿಯಾಗುತ್ತೆ. ಆದರೆ ಭಯಕ್ಕೆ ಇದು ಮದ್ದಲ್ಲ. ಕೆಲವು ಪುಕ್ಕಲು ನಾಯಿಗಳಿಗೆ ಆಮೇಲೆ ಭಯ ಜಾಸ್ತಿ ಆಗೋದೂ ಉಂಟು. ಒಂದ್ಸಲ ಮಾಡಿದ್ರೆ ವಾಪಸ್ ಇಲ್ಲ. ಎರಡು ವಾರ ಬರೆದಿಡಿ: ಯಾವುದಕ್ಕೆ ಹೆದರಿದ, ಎಲ್ಲಿಗೆ ಓಡಿದ, ಸುಧಾರಿಸ್ಕೊಳ್ಳೋಕೆ ಎಷ್ಟು ಹೊತ್ತು ಬೇಕಾಯ್ತು. ಧೈರ್ಯ ಕಲೀತಿದ್ರೆ ಕಾಯೋಣ. ಇಲ್ಲಾಂದ್ರೆ ಮಾಡಿಬಿಡೋಣ."

ಭಯ ಜಾಸ್ತಿ ಆಗೋದೂ ಉಂಟು. ಅಷ್ಟೇ ಮಾತು ನನ್ನ ಕಿವಿಯಲ್ಲಿ ಕೂತಿತು. ಜಾಸ್ತಿಯಾದರೆ ಎಲ್ಲಿಗೆ ಬರುತ್ತಾನೆ? ಮಷೀನಿನ ಕೆಳಗೆ. ನನ್ನ ಪಾದಕ್ಕೆ.

ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯತೊಡಗಿದೆ. ಎದೆ, ಸೊಂಟ, ತೋಳು ಅಂತ ಗೆರೆ ಹಾಕಿದ್ದ ಜಾಗದಲ್ಲಿ ಸದ್ದು, ಜಾಗ, ನಿಮಿಷ. ಮೊದಲ ದಿನ: "ಕುಕ್ಕರ್. ಮಷೀನ್ ಕೆಳಗೆ. ಹತ್ತು ನಿಮಿಷ." ನಿಜ. ಮೂರನೆಯ ದಿನ ಗ್ಯಾಸಿನವನು ಸಿಲಿಂಡರನ್ನು ಧಡ್ಡನೆ ಇಳಿಸಿದ. ಪುಕ್ಕಲ ಮಷೀನನ್ನು ದಾಟಿ, ನನ್ನನ್ನೂ ದಾಟಿ, ಊಟಕ್ಕೆ ಕೂತಿದ್ದ ತಂಗಿಯ ಬಗಲಿಗೆ ನುಗ್ಗಿದ. "ಏನ್ ಸಾಹೇಬ್ರೇ, ಸ್ಟಾಪ್ ಬಂತಾ?" ಅಂದಳು ಅವಳು, ತುತ್ತು ಬಾಯಲ್ಲಿಟ್ಟುಕೊಂಡೇ. ಎರಡೇ ನಿಮಿಷ. ಆಮೇಲೆ ತಾನಾಗಿ ಹೋಗಿ ಸಿಲಿಂಡರನ್ನು ಮೂಸಿ ಬಂದ.

ಅದನ್ನು ಬರೆಯಲಿಲ್ಲ. ಬರೆಯದೆ ಬಿಟ್ಟರೆ ಸುಳ್ಳೇನೂ ಆಗುವುದಿಲ್ಲವಲ್ಲ ಎಂದುಕೊಂಡೆ. ಮರುದಿನ ಇನ್ನೊಂದು ಬಿಟ್ಟೆ. ಕೊನೆಕೊನೆಗೆ ಅವಳು ಮನೆಯಲ್ಲಿದ್ದ ಹೊತ್ತಿನದು ಒಂದನ್ನೂ ಬರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತವಳ ಬಾಯಿಂದ, "ದೇವರೇ, ಅವನಿಗೆ ಸ್ವಲ್ಪ ಭಯ ಉಳಿಸು" ಎಂಬ ಮಾತು ಹೊರಟೇಬಿಟ್ಟಿತು. ಗಾಬರಿಯಾಗಿ ಎದ್ದೆ. ಆದರೂ ಪುಸ್ತಕ ತಿದ್ದಲಿಲ್ಲ.

ಎರಡು ವಾರದ ಮೇಲೆ ಇಬ್ಬರೂ ಅವನನ್ನು ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕನ್ನಡಕ ಏರಿಸಿ ಎಣಿಸಿದರು.

"ಇಪ್ಪತ್ತಾರು ಸಲ ಹೆದರಿದ್ದಾನೆ. ಇಪ್ಪತ್ತಾರು ಸಲಾನೂ ಮಷೀನ್ ಕೆಳಗೆ, ಹತ್ತು ನಿಮಿಷಕ್ಕೆ ಕಮ್ಮಿ ಇಲ್ಲ. ಇವನು ಏನೂ ಕಲೀತಾ ಇಲ್ಲಮ್ಮಾ. ಕಾದು ಪ್ರಯೋಜನ ಇಲ್ಲ. ಹೊರಗೆ ಓಡಿ ಗಾಯ ಮಾಡ್ಕೊಳ್ಳೋದಾದ್ರೂ ತಪ್ಪಲಿ, ಗುರುವಾರ ಮಾಡೋಣ." ತಂಗಿಯ ಕಡೆ ತಿರುಗಿದರು. "ನೀವೂ ಮನೇಲಿರ್ತೀರಲ್ಲ, ಇದು ಸರಿನಾ?"

ಈಗ ಗುಡುಗುತ್ತಾಳೆ ಎಂದು ಕಾದೆ. ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಗೊತ್ತಿರುವಂತೆ ಮೊದಲ ಸಲ ಮೆಲ್ಲಗೆ ಮಾತಾಡಿದಳು.

"ಅಕ್ಕ ಬರೆದಿದ್ರೆ ಸರೀನೇ ಇರುತ್ತೆ ಡಾಕ್ಟ್ರೇ. ಅವಳ ಅಳತೆ ಯಾವತ್ತೂ ತಪ್ಪಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೊಡ್ಡತನದಲ್ಲೂ ಅವಳೇ ಮುಂದೆ! ಡಾಕ್ಟರಮ್ಮ ಸಹಿಯ ಕಾಗದ ಮುಂದೆ ತಳ್ಳಿದರು. ಪುಕ್ಕಲ ಏನೂ ತಿಳಿಯದೆ ಕುರ್ಚಿಯ ಕಾಲನ್ನು ನೆಕ್ಕುತ್ತಿದ್ದ. ಬ್ಲೌಸಿನ ಅಳತೆ ತಪ್ಪಿದರೆ ನನ್ನ ಕೈಯಿಂದ ಬೇರೆ ಬಟ್ಟೆ ಕೊಟ್ಟು ಸರಿಮಾಡಬಹುದು. ಇವನಿಗೆ ಏನು ಕೊಡಲಿ?

"ಹನ್ನೊಂದು ಬಿಟ್ಟಿದ್ದೀನಿ" ಎಂದೆ.

"ಏನಮ್ಮಾ?"

"ಹನ್ನೊಂದು ಸಲ ಇವಳ ಹತ್ತಿರ ಓಡಿದ. ಬರೆಯಲಿಲ್ಲ. ಬರ್ಕೊಳ್ಳಿ." ಹೇಳುತ್ತಾ ಹೋದೆ. ಸಿಲಿಂಡರು, ಎರಡು ನಿಮಿಷ. ಬೈಕು, ಮೂರು ನಿಮಿಷ. ಕೊಡೆ, ಒಂದೇ ನಿಮಿಷ. ಆಮೇಲೆ ಬಾಲ ಆಡಿಸಿದ. ಒಂದೂ ಮರೆತಿರಲಿಲ್ಲ. ಹೊಟ್ಟೆಕಿಚ್ಚಿಗಿರುವಷ್ಟು ಜ್ಞಾಪಕಶಕ್ತಿ ಭಕ್ತಿಗೂ ಇರುವುದಿಲ್ಲವೇನೋ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇವನು ಕಲೀತಿದ್ದಾನೆ. ಆರು ತಿಂಗಳು ಬಿಟ್ಟು ನೋಡೋಣ. ಅಲ್ಲೀವರೆಗೆ ಗೇಟು ಎತ್ತರ ಮಾಡಿಸಿ, ಹೊರಗೆ ಹೋದಾಗ ಬೆಲ್ಟು ಬಿಡಬೇಡಿ." ಸಹಿಯ ಕಾಗದ ಡ್ರಾಯರಿಗೆ ವಾಪಸ್ ಹೋಯಿತು.

ಪುಕ್ಕಲನ ಬೆಲ್ಟು ಹಿಡಿದು ನಾನೇ ಮುಂದಾಗಿ ಬೀದಿಗಿಳಿದೆ.

"ಹನ್ನೊಂದಲ್ಲ ಕಣಕ್ಕಾ," ಎಂದಳು ತಂಗಿ. "ಹನ್ನೆರಡು. ನೀನು ಸ್ನಾನಕ್ಕೆ ಹೋಗಿದ್ದಾಗ ಒಂದು."

"ಅದನ್ನ ಹೇಳ್ದೆ ಇದ್ರೆ ನಿನಗೆ ತಿಂದ ಅನ್ನ ಅರಗ್ತಿರಲಿಲ್ವಾ?"

ಅವಳು ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ಪುಕ್ಕಲ ಬೆಚ್ಚಲಿಲ್ಲ. ತಂಗಿ ಬೆಲ್ಟಿಗೆ ಕೈ ಚಾಚಿ, "ಕೊಡು, ಬಸ್ ಸ್ಟಾಪ್ ತನಕ ನಾನು ಹಿಡ್ಕೋತೀನಿ" ಎಂದಳು.

"ಡ್ಯೂಟಿಗೆ ಹೊತ್ತಾಯ್ತು, ನಡಿ ನೀನು" ಎಂದೆ.

ಕೊಡಲಿಲ್ಲ.